ತಂಗಿಯ ಪಾಲು

ಅಣ್ಣ ತನ್ನ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತಂಗಿಗೆ ಕೊಡಲು ಸಿದ್ಧನಾಗಿ ಬಂದಿದ್ದ. ಆಸ್ಪತ್ರೆಯವರು ಅದು ಬೇಡ ಎಂದುಬಿಟ್ಟರು.

"ಬೇಡ ಅಂದ್ರೆ ಏನರ್ಥ ಡಾಕ್ಟರಮ್ಮ? ರಕ್ತದ ಗುಂಪು ಒಂದೇ ಅಂತ ನೀವೇ ಹೇಳಿದ್ರಿ."

"ಗುಂಪು ಸರಿಯಾಗೇ ಇದೆ. ಲಿವರ್ ಸರಿಯಿಲ್ಲ." ಡಾಕ್ಟರಮ್ಮ ಪರದೆಯನ್ನು ಅವನ ಕಡೆ ತಿರುಗಿಸಿದರು. "ನೂರಕ್ಕೆ ಇಪ್ಪತ್ತೆರಡು ಭಾಗ ಕೊಬ್ಬಿದೆ. ಇಂಥದ್ದನ್ನ ಕತ್ತರಿಸಿದ್ರೆ ನಿಮ್ಮಲ್ಲಿ ಉಳಿದಿದ್ದೂ ಸರಿಯಾಗಿ ಬೆಳೆಯಲ್ಲ, ಅವರಿಗೆ ಹಾಕಿದ್ದೂ ಬೆಳೆಯಲ್ಲ. ಇಬ್ಬರನ್ನೂ ಅಪಾಯಕ್ಕೆ ತಳ್ಳಿದ ಹಾಗಾಗುತ್ತೆ."

"ನಾನು ಒಂದು ತೊಟ್ಟೂ ಕುಡಿಯೋನಲ್ಲ!"

"ಕುಡಿಯೋರಿಗೆ ಮಾತ್ರ ಬರುತ್ತೆ ಅಂತ ಯಾರು ಹೇಳಿದ್ದು? ದಿನಕ್ಕೆ ಎಷ್ಟು ಲೋಟ ಚಹಾ?"

"ಎಂಟು. ಕೆಲಸ ಜಾಸ್ತಿ ಇದ್ರೆ ಹತ್ತು."

"ಸಕ್ಕರೆ?"

"ಚಹಾ ಅಂದ್ಮೇಲೆ ಸಕ್ಕರೆ ಇರುತ್ತಲ್ಲ."

"ಮಧ್ಯೆ ಮಧ್ಯೆ ಬಾಯಾಡಿಸೋದು ಯಾವಾಗ?"

ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೇಳಿದಳು: "ನಿಲ್ಲಿಸೋದು ಯಾವಾಗ ಅಂತ ಕೇಳಿ ಡಾಕ್ಟ್ರೇ."

ಅವನಿಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಒಂದೇ ಬೇಕರಿಯಲ್ಲಿ ಕಳೆದಿದ್ದವು. ನಸುಕಿಗೂ ಮುಂಚೆ ಮೊದಲ ಹಿಟ್ಟು ನಾದುವುದರಿಂದ ಹಿಡಿದು ಬೆಳಿಗ್ಗೆ ಎಂಟು ಗಂಟೆಗೆ ಕೊನೆಯ ತಟ್ಟೆ ಓವನ್ನಿನಿಂದ ಹೊರಬರುವವರೆಗೆ ಎಲ್ಲದಕ್ಕೂ ಅವನೇ ಮುಂದಾಳು. ಮೈ ಗುಂಡಗೆ, ಮಾತು ಮೆತ್ತಗೆ, ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು. ಹಾಗಾಗಿ ಬೀದಿಯವರೆಲ್ಲ ಅವನನ್ನು ಬನ್ನಣ್ಣ ಎಂದೇ ಕರೆಯುತ್ತಿದ್ದರು. ಕೇಕಿನ ಮೇಲ್ಮೈ ಸಮ ಮಾಡುವಾಗ ಕತ್ತರಿಸಿ ಬಿದ್ದ ಅಂಚು, ಮುರಿದ ಬಿಸ್ಕತ್ತು, ಬಟ್ಟಲಿನ ತಳದಲ್ಲಿ ಉಳಿದ ಕೆನೆ ಎಲ್ಲವೂ ಅವನ ಬಾಯಿಗೇ. ಅದನ್ನವನು ತಿನ್ನುವುದೆಂದು ಎಣಿಸಿರಲೇ ಇಲ್ಲ. ಹದ ನೋಡುವುದು ಕೆಲಸದ ಒಂದು ಭಾಗ ಎಂದುಕೊಂಡಿದ್ದ.

ತಂಗಿ ಅವನಿಗಿಂತ ಆರು ವರ್ಷ ಚಿಕ್ಕವಳು. ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳಿಗೆ ಹೊಸ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ ಅವಳದು. ರೋಗಗಳಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ಅವಳ ಮೈಯಲ್ಲಿ ದಾರಿ ತಪ್ಪಿ, ಹತ್ತು ವರ್ಷದಿಂದ ಅವಳದೇ ಲಿವರನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಮಾತ್ರೆಗಳು ಇಷ್ಟು ದಿನ ತಡೆದಿದ್ದವು, ಇನ್ನು ತಡೆಯಲಾರವು ಎನ್ನುವಂತಾಗಿತ್ತು. ಅವಳ ಗಂಡನ ರಕ್ತದ ಗುಂಪು ಕೂಡಲಿಲ್ಲ. ಉಳಿದವನು ಅಣ್ಣನೊಬ್ಬನೇ.

"ಈಗೇನು ಮಾಡೋದು?" ಎಂದು ಅವನು ಕೇಳಿದಾಗ ಡಾಕ್ಟರಮ್ಮನ ದನಿ ಮೆತ್ತಗಾಯಿತು.

"ಎಂಟು ವಾರ ಕೊಡ್ತೀನಿ. ಅಲ್ಲೀತನಕ ನಿಮ್ಮ ತಂಗೀನ ನಾವು ನೋಡ್ಕೋತೀವಿ. ಲಿವರ್ ಇದೆಯಲ್ಲ, ಅದರಷ್ಟು ಒಳ್ಳೇದು ನಮ್ಮ ಮೈಯಲ್ಲಿ ಇನ್ನೊಂದಿಲ್ಲ. ತೊಂದರೆ ಕೊಡೋದನ್ನ ನಾವು ನಿಲ್ಲಿಸಿದ್ರೆ ಸಾಕು, ಹಳೇದನ್ನೆಲ್ಲ ಮನಸ್ಸಲ್ಲಿಟ್ಕೊಳ್ಳದೆ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಸಕ್ಕರೆ ಬಿಡಿ, ಮೈದಾ ಬಿಡಿ, ತರಕಾರಿ ಬೇಳೆ ತಿನ್ನಿ, ದಿನಾ ಒಂದು ಗಂಟೆಗೆ ಕಮ್ಮಿ ಇಲ್ಲದೆ ನಡೀರಿ. ಎಂಟು ಕೆಜಿ ಇಳೀಬೇಕು, ಕೊಬ್ಬು ಹತ್ತರ ಒಳಗೆ ಬರಬೇಕು. ಆಮೇಲೆ ಮಾತಾಡೋಣ."

ಹೊರಗೆ ಬೆಂಚಿನ ಮೇಲೆ ತಂಗಿ ಕಾಯುತ್ತಿದ್ದಳು. ಅವಳ ಕಣ್ಣಿನ ಬಿಳಿಭಾಗ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು. ಅಣ್ಣನ ಮುಖ ನೋಡಿಯೇ ಅವಳಿಗೆ ವಿಷಯ ತಿಳಿಯಿತು.

"ಏನಣ್ಣ, ಫೇಲಾ?"

"ಸಪ್ಲಿಮೆಂಟರಿ ಕೊಟ್ಟಿದ್ದಾರೆ."

ತಂಗಿ ನಗಲು ಹೋಗಿ ನೋವಿಗೆ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಹೇಳಿದಳು: "ಬೇಡ ಬಿಡಣ್ಣ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅನ್ನೋ ಜನ ನಾವು. ನಿನ್ನಿಂದ ಆಗಲ್ಲ."

"ಆಗುತ್ತೆ ಸುಮ್ನಿರೇ" ಎಂದನೇನೋ ನಿಜ. ಆದರೆ ಎರಡನೇ ಮಹಡಿಯ ತಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ಅವನಿಗೆ ಏದುಸಿರು ಬಂತು.

ಎಲ್ಲಿ ನಡೆಯುವುದು, ಹೇಗೆ ನಡೆಯುವುದು ಎಂಬ ಚಿಂತೆಯನ್ನು ಹೆಂಡತಿ ಒಂದೇ ಮಾತಿನಲ್ಲಿ ತೀರಿಸಿದಳು. ಅವಳು ಅಂಚೆಯವಳು. ದಿನವೂ ಒಂಬತ್ತೂವರೆಗೆ ಚೀಲ ಹೆಗಲಿಗೇರಿಸಿ ಹೊರಟರೆ ಹನ್ನೊಂದು ಬೀದಿಗಳಲ್ಲಿ ಬಟವಾಡೆ ಮುಗಿಸಿ ಬರುವಳು.

"ಬೇಕರಿ ಕೆಲಸ ಎಂಟಕ್ಕೆ ಮುಗಿಯುತ್ತಲ್ಲ. ನನ್ನ ಜೊತೆ ಬನ್ನಿ. ಚೀಲ ಮಾತ್ರ ಮುಟ್ಟಂಗಿಲ್ಲ, ಅದು ಸರ್ಕಾರದ್ದು. ನಿಮ್ಮ ಹೊಟ್ಟೆ ನೀವು ಹೊತ್ಕೊಳ್ಳಿ, ನನ್ನ ಚೀಲ ನಾನು ಹೊತ್ಕೋತೀನಿ."

ಮೊದಲ ದಿನ ಮೂರನೆಯ ಬೀದಿಗೇ ಅವನು ಯಾರದೋ ಮನೆಯ ಜಗಲಿಯ ಮೇಲೆ ಕುಸಿದು ಕೂತ. ಒಳಗಿನಿಂದ ಬಂದ ಮನೆಯಾಕೆ ಗಾಬರಿಯಿಂದ ನೀರು ಕೊಟ್ಟಳು. "ಕಾಲಿಗೆ ಬುದ್ಧಿ ಹೇಳಿ, ಏಳಿ" ಎಂದು ಹೆಂಡತಿ ರೇಗಿಸಿದಳು. ನಾಲ್ಕನೆಯ ದಿನಕ್ಕೆ ಐದು ಬೀದಿಯಾಯಿತು, ಹತ್ತನೆಯ ದಿನಕ್ಕೆ ಎಂಟು.

ಒಂದು ಕಟ್ಟಡದಲ್ಲಿ ಲಿಫ್ಟು ಕೆಟ್ಟು ವರ್ಷವಾಗಿತ್ತು. ಅದರ ನಾಲ್ಕನೆಯ ಮಹಡಿಯಲ್ಲಿ ಕಣ್ಣು ಮಂಜಾದ ಒಬ್ಬ ನಿವೃತ್ತ ನಕ್ಷೆಗಾರ ಇದ್ದ. ಕೆಳಗಿನ ಪೆಟ್ಟಿಗೆಯಲ್ಲಿ ಪತ್ರ ಹಾಕಿದರೂ ಸಾಕಿತ್ತು. ಅವಳು ಮೇಲೆ ಹತ್ತಿಹೋಗಿ, ಅವನ ಮಗಳು ಬರೆದ ಪತ್ರವನ್ನು ಬಾಗಿಲಲ್ಲೇ ನಿಂತು ಓದಿ ಹೇಳಿ, ಮತ್ತೆ ಮಡಿಸಿ ಕೈಗೆ ಕೊಟ್ಟು ಇಳಿಯುತ್ತಿದ್ದಳು. ಬನ್ನಣ್ಣ ಮೆಟ್ಟಿಲ ಕಂಬಿ ಹಿಡಿದು ಹಿಂದೆ ಹತ್ತಿದ, ನಿಂತ, ಕೇಳಿದ.

ಇಳಿಯುವಾಗ ಅವನೆಂದ: "ಮದುವೆಯಾಗಿ ಇಪ್ಪತ್ತೆರಡು ವರ್ಷವಾಯ್ತು. ಇದನ್ನೆಲ್ಲ ನೀನು ಹೇಳಲೇ ಇಲ್ವಲ್ಲ."

"ನಾನು ಬರೋ ಹೊತ್ತಿಗೆ ನೀವು ಗೊರಕೆ ಹೊಡೀತಿರ್ತೀರಿ. ಯಾರಿಗೆ ಹೇಳಲಿ, ದಿಂಬಿಗಾ?"

ಮೂರು ವಾರಕ್ಕೆ ಮೂರೂವರೆ ಕೆಜಿ ಇಳಿಯಿತು. ಅವನು ತೂಕದ ಯಂತ್ರದಿಂದ ಇಳಿದು ಅಲ್ಲೇ ಎರಡು ಹೆಜ್ಜೆ ಕುಣಿದ. ನಾಲ್ಕನೆಯ ವಾರ ಮುಳ್ಳು ಅಲ್ಲಾಡಲಿಲ್ಲ. ಅಷ್ಟು ನಡೆದರೂ, ಅಷ್ಟು ಬಾಯಿ ಕಟ್ಟಿದರೂ ನೂರು ಗ್ರಾಮ್ ಕೂಡ ಕಡಿಮೆಯಾಗಲಿಲ್ಲ. ಅದೇ ವಾರ ತಂಗಿಯನ್ನು ನೋಡಲು ಹೋದಾಗ ಅವಳ ಕಾಲು ಊದಿಕೊಂಡಿತ್ತು. ಚಪ್ಪಲಿ ಹಿಡಿಸದೆ ಗಂಡನ ಚಪ್ಪಲಿ ಹಾಕಿಕೊಂಡಿದ್ದಳು.

ಬೇಕರಿಗೆ ದಿನವೂ ಬ್ರೆಡ್ಡಿಗೆ ಬರುವ ಗಿರಾಕಿಯೊಬ್ಬ ಮೈ ಶುದ್ಧಿ ಮಾಡುವ ಪುಡಿಗಳನ್ನು ಮಾರುತ್ತಿದ್ದ. ಬನ್ನಣ್ಣನ ಸಪ್ಪೆ ಮುಖ ಕಂಡು ವಿಷಯ ಕೇಳಿದ. ಮರುದಿನವೇ ಹಸಿರು ಡಬ್ಬಿಯೊಂದನ್ನು ಗಲ್ಲಾದ ಮೇಲೆ ತಂದಿಟ್ಟ.

"ಇಪ್ಪತ್ತು ದಿನ ತಗೊಳ್ಳಿ. ಲಿವರ್‌ನಲ್ಲಿರೋ ಕೊಳೆಯೆಲ್ಲ ತೊಳೆದು ಕನ್ನಡಿ ಮಾಡುತ್ತೆ. ಎಲ್ಲ ಗಿಡಮೂಲಿಕೆ, ಅಡ್ಡಪರಿಣಾಮ ಅನ್ನೋದೇ ಇಲ್ಲ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ತಂಗಿಯ ಕಾಲು ಕಣ್ಣ ಮುಂದಿತ್ತು. ಡಬ್ಬಿಯನ್ನು ಹಿಟ್ಟಿನ ಚೀಲಗಳ ಹಿಂದೆ ಬಚ್ಚಿಟ್ಟ. ಒಂದು ಚಮಚ ಎಂದು ಬರೆದಿದ್ದಲ್ಲಿ ಎರಡು ಹಾಕಿಕೊಂಡು ಕುಡಿದ. ದಿನಕ್ಕೆ ಐದಾರು ಸಲ ಹೊಟ್ಟೆ ಕೆಟ್ಟಿತು. ವಾರದಲ್ಲಿ ಎರಡು ಕೆಜಿ ಇಳಿಯಿತು. ಆಹಾ, ಕೊಳೆ ಹೋಗುತ್ತಿದೆ ಎಂದು ಖುಷಿಪಟ್ಟ. ಮೈ ಸುಸ್ತಾದಾಗ ನಡೆಯುವುದನ್ನೂ ಕಡಿಮೆ ಮಾಡಿದ. ಹೆಂಡತಿ ಕೇಳಿದರೆ "ಮಂಡಿ ನೋವು" ಎಂದ.

ಎರಡು ವಾರ ಕಳೆದು ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಏನು ತಗೊಂಡ್ರಿ?"

"ಏನಿಲ್ಲ. ತರಕಾರಿ, ಬೇಳೆ..."

"ತರಕಾರಿ ತಿಂದು ಯಾರಿಗೂ ಹೀಗಾಗಲ್ಲ. ಲಿವರ್‌ಗೆ ಪೆಟ್ಟು ಬಿದ್ದಾಗ ಏರೋ ಅಂಶ ಆರು ಪಟ್ಟು ಏರಿದೆ. ಹೋದ ತಿಂಗಳು ಇಷ್ಟಿರಲಿಲ್ಲ. ನಿಜ ಹೇಳಿ."

ಹೆಂಡತಿ ತಿರುಗಿ ನೋಡಿದಳು. ಅವಳ ನೋಟದ ಮುಂದೆ ಸುಳ್ಳು ನಿಲ್ಲಲಿಲ್ಲ. ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ಕುತ್ತಿಗೆ ಬಗ್ಗಿತು.

ಡಾಕ್ಟರಮ್ಮ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು. "ನೋಡಿ, ಲಿವರ್ ಇರೋದೇ ತೊಳೆಯೋ ಕೆಲಸಕ್ಕೆ. ನಾವು ತಿಂದಿದ್ದು, ಕುಡಿದಿದ್ದು, ನುಂಗಿದ ಮಾತ್ರೆ ಎಲ್ಲವನ್ನೂ ಅದೇ ಸೋಸಿ, ಬೇಡದ್ದನ್ನ ಹೊರಗೆ ಹಾಕುತ್ತೆ. ಅದನ್ನ ತೊಳೆಯೋಕೆ ಹೊರಗಡೆಯಿಂದ ಯಾರೂ ಬರಬೇಕಾಗಿಲ್ಲ. ಬಟ್ಟೆ ಒಗೆದು ಸುಸ್ತಾಗಿ ಕೂತವಳಿಗೆ ಸಹಾಯ ಮಾಡ್ತೀನಿ ಅಂತ ಇನ್ನೂ ಎರಡು ಮೂಟೆ ಬಟ್ಟೆ ತಂದು ಹಾಕಿದ್ರಿ ನೀವು. ಆ ಪುಡಿಯಲ್ಲಿ ಏನಿತ್ತೋ ದೇವರಿಗೇ ಗೊತ್ತು. ಇವತ್ತೇ ನಿಲ್ಲಿಸಿ. ಡಬ್ಬಿ ನಮಗೆ ತಂದುಕೊಡಿ. ಇದು ಇಳಿಯೋತನಕ ಆಪರೇಷನ್ ಮಾತೇ ಇಲ್ಲ. ಇನ್ನೂ ಐದಾರು ವಾರ ತಡ."

ಮನೆಯ ಮೆಟ್ಟಿಲ ಬಳಿ ಹೆಂಡತಿ ನಿಂತು, "ಮಂಡಿ ನೋವು ಅಂದ್ರಲ್ಲ, ನಾನು ಎಣ್ಣೆ ಹಚ್ಚಿದೆ" ಎಂದಳು. ಅಷ್ಟೇ ಅಂದು ಒಳಗೆ ಹೋದಳು.

ಪೆಟ್ಟು ಅಲ್ಲಿಗೆ ಮುಗಿಯಲಿಲ್ಲ. ಮರುವಾರ ಒಂದು ಮಧ್ಯಾಹ್ನ ತಂಗಿಯ ಗಂಡನ ಫೋನ್ ಬಂತು. ಅವನು ಕನ್ನಡಕದ ಅಂಗಡಿಯವನು, ನಾಲ್ಕು ಮಾತಿನ ಜಾಗದಲ್ಲಿ ಒಂದು ಮಾತಾಡುವ ಮನುಷ್ಯ. "ಭಾವ, ಬೇಗ ಬನ್ನಿ" ಎಂದಷ್ಟೇ ಹೇಳಿದ.

ಗ್ರಂಥಾಲಯದಲ್ಲಿ ತಂಗಿ ಒಂದು ದಪ್ಪ ಪುಸ್ತಕದ ಪುಟಗಳನ್ನೆಲ್ಲ ತಲೆಕೆಳಗಾಗಿ ಹೊಲಿದು ಮುಗಿಸಿದ್ದಳಂತೆ. ಜೊತೆಯವರು ತೋರಿಸಿದರೆ, ಅದರಲ್ಲಿ ತಪ್ಪೇನಿದೆ ಎಂದು ಕೇಳಿದಳಂತೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಅವಳು ಅಣ್ಣನನ್ನು ನೋಡಿದಳು, ಗುರುತು ಸಿಗಲಿಲ್ಲ. "ಸ್ಕೂಲಿಗೆ ಹೊತ್ತಾಯ್ತು, ನನ್ನ ಜಡೆ ಹಾಕು" ಎಂದಳು. ಚಿಕ್ಕಂದಿನಲ್ಲಿ ಅಮ್ಮ ಕೆಲಸಕ್ಕೆ ಹೋದಮೇಲೆ ಅವಳಿಗೆ ಜಡೆ ಹಾಕುತ್ತಿದ್ದವನು ಅವನೇ. ಹಾಸಿಗೆಯ ಅಂಚಿನಲ್ಲಿ ಕೂತು, ಹಿಟ್ಟು ನಾದಿ ಗಡುಸಾದ ಬೆರಳುಗಳಿಂದ ಅವಳ ತೆಳ್ಳಗಾದ ಕೂದಲನ್ನು ಮೂರು ಪಾಲು ಮಾಡಿ ಹೆಣೆದ. ಅವನ ಕಣ್ಣೀರು ಅವಳ ಭುಜದ ಮೇಲೆ ಬಿತ್ತು. ಅವಳಿಗೆ ಅದೂ ತಿಳಿಯಲಿಲ್ಲ.

ಡಾಕ್ಟರಮ್ಮ ಬಾಗಿಲ ಹೊರಗೆ ಕರೆದು ವಿವರಿಸಿದರು. "ಊಟ ಜೀರ್ಣವಾಗುವಾಗ ಕರುಳಲ್ಲಿ ದಿನಾ ಒಂದಿಷ್ಟು ವಿಷ ಹುಟ್ಟುತ್ತೆ. ನಮ್ಮ ನಿಮ್ಮ ಲಿವರ್ ಅದನ್ನ ಸದ್ದಿಲ್ಲದೆ ತೆಗೆದುಬಿಡುತ್ತೆ, ನಮಗೆ ಗೊತ್ತೂ ಆಗಲ್ಲ. ಇವರಲ್ಲಿ ಅದು ಉಳಿದುಹೋಗಿ ತಲೆಗೆ ಏರಿದೆ. ಔಷಧಿ ಕೊಟ್ಟಿದೀವಿ, ಎರಡು ದಿನದಲ್ಲಿ ತಿಳಿಯಾಗ್ತಾರೆ. ಆದರೆ ಇದು ಎಚ್ಚರಿಕೆ. ಬಹಳ ದಿನ ಕಾಯೋಕಾಗಲ್ಲ."

ಎರಡು ದಿನಕ್ಕೆ ಅವಳು ತಿಳಿಯಾದಳು. ಕಣ್ಣು ಬಿಟ್ಟವಳೇ ಜಡೆ ಮುಟ್ಟಿ ನೋಡಿಕೊಂಡು, "ಇಷ್ಟು ಕೆಟ್ಟದಾಗಿ ಹಾಕಿದ್ಯಾರು?" ಎಂದಳು. ಅಣ್ಣ ನಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಡಬ್ಬಿಯ ಕಥೆಯನ್ನೆಲ್ಲ ಹೇಳಿದ.

"ನಿನ್ನ ಕಾಲು ನೋಡಿ ತಡೆಯೋಕಾಗಲಿಲ್ಲ ಕಣೇ. ನಿನಗೋಸ್ಕರ..."

"ನನ್ನ ಹೆಸರು ಹೇಳ್ಬೇಡ ಅಣ್ಣ." ಅವಳ ದನಿ ಸಣ್ಣದಾಗಿತ್ತು, ಮಾತು ಮೊನಚಾಗಿತ್ತು. "ನಿಧಾನವಾಗಿ ಆಗೋದನ್ನ ಕಾಯೋಕೆ ನಿನಗೆ ಹೆದರಿಕೆ ಆಯ್ತು. ಅದಕ್ಕೆ ಕುಡಿದೆ. ರಟ್ಟಿಗೆ ಅಂಟು ಹಚ್ಚಿ ಭಾರ ಇಟ್ಟಮೇಲೆ ಅದು ಒಣಗೋಕೆ ಒಂದು ದಿನ ಬೇಕು ಅಂದ್ರೆ ಬೇಕು. ಬಾಯಿಂದ ಊದಿದ್ರೆ ಬೇಗ ಒಣಗುತ್ತಾ?"

"ಹಿಟ್ಟು ಉಬ್ಬೋದೂ ಹಾಗೇನೆ" ಎಂದ ಅವನು ನೆಲ ನೋಡುತ್ತ. "ಅವಸರ ಮಾಡಿದ್ರೆ ಬ್ರೆಡ್ಡು ಕಲ್ಲಾಗುತ್ತೆ."

"ಗೊತ್ತಿದ್ದೂ ಗೊತ್ತಿದ್ದೂ!" ತಂಗಿ ಹಣೆ ಚಚ್ಚಿಕೊಂಡಳು. ಆಮೇಲೆ ಅವನ ಕೈ ಹಿಡಿದಳು. "ನಾನು ಇನ್ನೂ ಇದೀನಲ್ಲ. ಕಾಯ್ತೀನಿ. ನೀನು ನೆಟ್ಟಗೆ ಮಾಡು."

ಅವನು ನೆಟ್ಟಗೆ ಮಾಡಿದ. ಬೇಕರಿಯಲ್ಲಿ ಕೈ ತಾನಾಗಿ ಬಾಯಿಗೆ ಹೋಗುವುದನ್ನು ತಡೆಯಲು ಮೂಗು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡ. ಹದ ನೋಡುವ ಕೆಲಸವನ್ನು ಕೇಕುಗಳಿಗೆ ಕೆನೆ ಬಳಿಯುವ ಜೊತೆಗಾರ್ತಿಗೆ ಒಪ್ಪಿಸಿದ. "ಏನಣ್ಣ, ಬ್ಯಾಂಕ್ ದರೋಡೆಗೆ ಹೊರಟಿದ್ದೀರಾ?" ಎಂದು ಅವಳು ಕೇಳಿದರೆ, "ಹೌದಮ್ಮ, ನನ್ನ ಹೊಟ್ಟೆಯೇ ಬ್ಯಾಂಕು, ಇಪ್ಪತ್ತಾರು ವರ್ಷ ತುಂಬಿದ್ದನ್ನ ತೆಗೀಬೇಕು" ಎಂದ. ಚಹಾ ಬಿಟ್ಟು, ಸಕ್ಕರೆ ಹಾಕದ ಕಪ್ಪು ಕಾಫಿ ಹಿಡಿದ. ಮೊದಲ ಗುಟುಕಿಗೆ ಮುಖ ಕಿವುಚಿದವನಿಗೆ ಹದಿನೈದು ದಿನ ಕಳೆಯುವಷ್ಟರಲ್ಲಿ ಅದರ ಕಹಿಯೇ ರುಚಿಸತೊಡಗಿತು. ಪುಡಿ ಮಾರುವವನು ಮತ್ತೆ ಬಂದಾಗ ಅವನನ್ನು ಪಕ್ಕಕ್ಕೆ ಕರೆದು, ತನ್ನ ರಕ್ತದ ವರದಿಯನ್ನೇ ಕೈಗೆ ಕೊಟ್ಟ. ಅವನು ಓದಿ, ಬ್ರೆಡ್ಡು ತೆಗೆದುಕೊಳ್ಳದೆ ಹೊರಟುಹೋದ.

ಡಬ್ಬಿಯ ವಿಷಯ ಹೊರಬಿದ್ದ ಮೇಲೆ ಹೆಂಡತಿ ಮೂರು ದಿನ ಬರಿಯ "ಹೂಂ", "ಉಹೂಂ" ಎಂದಳು. ಅವನು ಮೂರು ದಿನವೂ ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದ. ನಾಲ್ಕನೆಯ ದಿನ ಒಂದು ಗೇಟಿನ ಒಳಗಿಂದ ನಾಯಿ ಬೊಗಳುತ್ತ ನುಗ್ಗಿತು. ಬನ್ನಣ್ಣ ಚಂಗನೆ ಜಿಗಿದು ಪಕ್ಕದ ಕಾಂಪೌಂಡಿನ ಕಟ್ಟೆ ಹತ್ತಿ ನಿಂತ. ಅವನಿಗೇ ನಂಬಿಕೆಯಾಗಲಿಲ್ಲ. ಹೆಂಡತಿ ಬೀದಿಯ ನಡುವೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇಳೀರಿ ಮಾರಾಯ್ರೇ, ಅದಕ್ಕೆ ಹಲ್ಲೇ ಇಲ್ಲ." ಅಂದಿನಿಂದ ಮತ್ತೆ ಜೊತೆಯಲ್ಲಿ ನಡೆದರು.

ರಕ್ತದಲ್ಲಿ ಏರಿದ್ದ ಆ ಅಂಶ ಐದು ವಾರದಲ್ಲಿ ಇಳಿದು ಸಹಜಕ್ಕೆ ಬಂತು. ಇನ್ನೆರಡು ವಾರ ಬಿಟ್ಟು ಸ್ಕ್ಯಾನ್ ಮಾಡಿದರು. ಅಷ್ಟು ಹೊತ್ತಿಗೆ ಒಟ್ಟು ಹತ್ತು ಕೆಜಿ ಇಳಿದಿತ್ತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದ. ಆದರೂ ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲೇ ಕೂತ.

"ಆರು" ಎಂದರು ಅವರು.

"ಆರು ವಾರವಾ? ಇನ್ನೂ ಆರು ವಾರ ಕಾಯಬೇಕಾ?"

"ನೂರಕ್ಕೆ ಆರು ಭಾಗ ಕೊಬ್ಬು. ಪಾಸಾದ್ರಿ."

ಅವನು ಎದ್ದು ನಿಂತ, ಮತ್ತೆ ಕೂತ, ಕೊನೆಗೆ ಏನೂ ತೋಚದೆ ಡಾಕ್ಟರಮ್ಮನ ಮೇಜನ್ನೇ ಎರಡು ಸಲ ತಟ್ಟಿದ. ಹೆಂಡತಿ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಇನ್ನೊಬ್ಬ ಡಾಕ್ಟರು ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದರು: ಯಾರಾದರೂ ಒತ್ತಾಯ ಮಾಡಿದ್ದಾರಾ? ಈಗಲೂ ಬೇಡ ಅನ್ನಬಹುದು, ಕಾರಣ ಯಾರಿಗೂ ಹೇಳುವುದಿಲ್ಲ. ಪ್ರಾಣಕ್ಕೇ ಅಪಾಯವಾಗುವ ಸಂಭವವೂ ಇದೆ, ಅದನ್ನು ತಿಳಿದುಕೊಂಡಿದ್ದೀರಾ? ಅವನು ಹೆದರಿಕೆ ಇದೆ ಎಂದು ಒಪ್ಪಿಕೊಂಡ. "ಒತ್ತಾಯ ಮಾಡಿದ್ದು ಯಾರೂ ಇಲ್ಲ ಸಾರ್. ಬೇಡ ಅಂತ ಒತ್ತಾಯ ಮಾಡಿದವಳು ಒಬ್ಬಳು ಇದ್ದಾಳೆ. ಅವಳಿಗೇ ಕೊಡ್ತಿರೋದು" ಎಂದು ಸಹಿ ಹಾಕಿದ.

ಬೆಳಿಗ್ಗೆ ಏಳಕ್ಕೆ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ಒಯ್ದರು. ಸಂಜೆಯವರೆಗೆ ಹೊರಗಿನ ಕುರ್ಚಿಗಳಲ್ಲಿ ಹೆಂಡತಿಯೂ ತಂಗಿಯ ಗಂಡನೂ ಕೂತಿದ್ದರು. ಯಾವತ್ತೂ ಮಾತಾಡದ ಆ ಮನುಷ್ಯ ಅಂದು ತನ್ನ ಹೆಂಡತಿಯನ್ನು ಮೊದಲ ಸಲ ನೋಡಿದ ದಿನದಿಂದ ಶುರುಮಾಡಿ, ಬಾಗಿಲು ತೆರೆದು ಡಾಕ್ಟರಮ್ಮ ಹೊರಬರುವವರೆಗೂ ಬಿಡದೆ ಮಾತಾಡಿದ. "ಇಬ್ಬರೂ ಚೆನ್ನಾಗಿದಾರೆ" ಎಂಬ ಮಾತು ಕಿವಿಗೆ ಬಿದ್ದದ್ದೇ, ಅರ್ಧ ವಾಕ್ಯಕ್ಕೆ ನಿಲ್ಲಿಸಿ ಮುಖ ಮುಚ್ಚಿಕೊಂಡ.

ಚೇತರಿಕೆ ಹೂವಿನ ಹಾಸಿಗೆಯಾಗಿರಲಿಲ್ಲ. ಬನ್ನಣ್ಣನಿಗೆ ಕೆಮ್ಮಿದರೆ ಹೊಟ್ಟೆ ಬಿರಿದುಹೋದಂತೆ ನೋವು. ಗಾಯದೊಳಗೆ ಪಿತ್ತರಸ ಸೋರಿ ಒಂಬತ್ತು ದಿನ ಹೆಚ್ಚಿಗೆ ಮಲಗಬೇಕಾಯಿತು. ಪಕ್ಕೆಯಿಂದ ಹೊರಬಂದ ಕೊಳವೆಯನ್ನು ಹಿಡಿದುಕೊಂಡೇ ಕಾರಿಡಾರಿನಲ್ಲಿ ನಡೆದಾಡಿದ. ತಂಗಿಗೆ ಎರಡನೆಯ ವಾರ ಜ್ವರ ಬಂದು ಎಲ್ಲರ ನಿದ್ದೆ ಕೆಡಿಸಿತು. ಔಷಧಿ ಬದಲಿಸಿದ ಮೇಲೆ ಇಳಿಯಿತು. ಅಲ್ಲೀತನಕ ಅವಳನ್ನು ಗಾಜಿನ ಆಚೆಯಿಂದಷ್ಟೇ ನೋಡಬೇಕಿತ್ತು. ಒಂದು ಬೆಳಿಗ್ಗೆ ಅವನು ಗಾಜಿಗೆ ಹಣೆಯೂರಿ ನಿಂತಿದ್ದಾಗ ಅವಳು ಈ ಕಡೆ ತಿರುಗಿದಳು. ಕಣ್ಣಿನ ಬಿಳಿಭಾಗ ಬೆಳ್ಳಗಿತ್ತು. ಎಷ್ಟು ವರ್ಷವಾಗಿತ್ತೋ ಅದನ್ನು ಹಾಗೆ ನೋಡಿ. ಅವನು ದಾದಿಯನ್ನು ಕರೆದು ತೋರಿಸಿದ. ದಾದಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಆದರೂ ಅವನ ಮುಖ ನೋಡಿ, "ಹೌದಣ್ಣ, ತುಂಬಾ ಬೆಳ್ಳಗಿದೆ" ಎಂದಳು.

ಮೂರು ತಿಂಗಳಾದ ಮೇಲೆ ಇಬ್ಬರಿಗೂ ಒಂದೇ ದಿನ ಸ್ಕ್ಯಾನ್ ಮಾಡಿದರು. ಅಣ್ಣನಲ್ಲಿ ಉಳಿದ ತುಂಡು ಬೆಳೆದು ಹೆಚ್ಚುಕಡಿಮೆ ಮೊದಲಿನಷ್ಟೇ ಆಗಿತ್ತು. ತಂಗಿಗೆ ಹೋದ ತುಂಡೂ ಅವಳ ಮೈಗೆ ತಕ್ಕಷ್ಟು ಬೆಳೆದಿತ್ತು. "ಒಂದಿದ್ದದ್ದು ಎರಡಾಯ್ತು" ಎಂದು ಡಾಕ್ಟರಮ್ಮ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ತಂಗಿ ಬದುಕಿರುವವರೆಗೂ ಹೊತ್ತು ಹೊತ್ತಿಗೆ ಮಾತ್ರೆ ನುಂಗಬೇಕು, ಜನ ಸೇರುವ ಕಡೆ ಎಚ್ಚರವಿರಬೇಕು. ಅಣ್ಣನೂ ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕು. ಹಳೆಯ ಚಾಳಿಗೆ ಮರಳಿದರೆ ಕೊಬ್ಬೂ ಮರಳುತ್ತದೆ ಎಂದು ಬೆರಳೆತ್ತಿ ಹೇಳಿದರು.

ಇನ್ನೆರಡು ತಿಂಗಳಿಗೆ ತಂಗಿ ಕೆಲಸಕ್ಕೆ ಹಾಜರಾದಳು. ಮೊದಮೊದಲು ಅರ್ಧ ದಿನ ಮಾತ್ರ, ಭಾರದ ರಟ್ಟು ಎತ್ತುವಂತಿಲ್ಲ. ಮೊದಲ ದಿನ ಮಧ್ಯಾಹ್ನ ಅಣ್ಣನಿಗೆ ಫೋನ್ ಮಾಡಿದಳು. ಅವನು ಗಾಬರಿಯಿಂದ ಎತ್ತಿದ.

"ಏನಾಯ್ತೇ?"

"ನೀನು ಕಳಿಸಿದ್ದು ಬರೀ ಲಿವರಾ, ಜೊತೆಗೆ ನಿನ್ನ ಹಸಿವನ್ನೂ ಕಟ್ಟಿ ಕಳಿಸಿದ್ದೀಯಾ? ಬುತ್ತಿ ಹನ್ನೊಂದಕ್ಕೇ ಖಾಲಿ. ಈಗ ಪಕ್ಕದವಳ ಡಬ್ಬಿ ನೋಡ್ತಾ ಕೂತಿದೀನಿ."

"ಅವಳು ಕೊಟ್ರೆ ತಿನ್ನು" ಎಂದ ಅಣ್ಣ. "ತರಕಾರಿ ಇದ್ರೆ ಮಾತ್ರ."